ಕಾಶಮ್ಮನ ಬೋಂಡಾ ಮತ್ತು ಹನ್ನೊಂದು ಹಾಡು

ಭದ್ರಾವತಿಯ ಗಜಲಕ್ಷ್ಮಿ ಟಾಕೀಸಿನ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷದಿಂದ ಬೋಂಡಾ ಕರಿಯುತ್ತಿರುವ ಕಾಶಮ್ಮ, ಮೊನ್ನೆ ಮೊನ್ನೆಯವರೆಗೂ ಅಲ್ಲಿ ಒಂದೇ ಒಂದು ಸಿನಿಮಾವನ್ನು ಕೂತು ನೋಡಿದವಳಲ್ಲ. ನೋಡಿಲ್ಲವಲ್ಲ ಎಂಬ ಬೇಜಾರೂ ಅವಳಿಗಿರಲಿಲ್ಲ. ಕ್ಯಾಂಟೀನಿಗೂ ಹಾಲಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹೀರೋ ಹೊಡೆಯುವುದು, ಅಮ್ಮ ಅಳುವುದು, ವಿಲನ್ ನಗುವುದು, ಎಲ್ಲವೂ ಆ ಗೋಡೆ ದಾಟಿ ಬಂದು ಎಣ್ಣೆಯ ಚುರ್ ಸದ್ದಿನೊಂದಿಗೆ ಬೆರೆತು ಅವಳ ಕಿವಿಗೆ ಬೀಳುತ್ತಿದ್ದವು. ಎಲ್ಲ ಹೀರೋಗಳ ದನಿ ಅವಳಿಗೆ ಗೊತ್ತು. ಯಾವ ಹೀರೋನಾದರೂ ಬಾಯಿ ಮುಚ್ಚಿಕೊಂಡು ಎದುರಿಗೆ ಬಂದು ನಿಂತರೆ ಮಾತ್ರ, ಪಕ್ಕಕ್ಕೆ ಸರಿಯಪ್ಪ, ಗಾಳಿ ಬರಲಿ ಎಂದು ಗದರಿಯಾಳು.

ಕ್ಯಾಂಟೀನು ಅವಳಿಗೆ ಅತ್ತೆಯಿಂದ ಬಂದದ್ದು. ಅತ್ತೆ ಉಚ್ಚಂಗಮ್ಮ ಬಾಣಲೆ, ಜಾಲರಿ ಸೌಟುಗಳ ಜೊತೆಗೆ ಒಂದು ವಿದ್ಯೆಯನ್ನೂ ಸೊಸೆಗೆ ದಾಟಿಸಿ ಹೋಗಿದ್ದಳು. “ನೋಡೇ, ಹಾಡು ಶುರುವಾಯ್ತು ಅಂದ್ರೆ ಹಿಟ್ಟು ಎಣ್ಣೆಗೆ ಬಿಡು. ಪಲ್ಲವಿ ಮುಗಿಯೋದ್ರೊಳಗೆ ಗಂಡಸ್ರು ಬಾಗ್ಲು ತೆಗೀತಾರೆ. ಕೈಗೆ ಬಿಸಿ ಬೋಂಡಾ ಸಿಗ್ಬೇಕು.” ಸಿನಿಮಾದಲ್ಲಿ ಹಾಡು ಬಂತೆಂದರೆ ಜನಕ್ಕೆ ಬೀಡಿ ನೆನಪಾಗುತ್ತದೆ, ಪಾಯಿಖಾನೆ ನೆನಪಾಗುತ್ತದೆ, ಹಸಿವು ನೆನಪಾಗುತ್ತದೆ. ಈ ಸತ್ಯದ ಮೇಲೆ ಎರಡು ತಲೆಮಾರಿನ ವ್ಯಾಪಾರ ನಡೆದಿದೆ. ಕಾಶಮ್ಮನ ಕೈಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮನೆಯಲ್ಲಿ ಪಕ್ಕದವರ ಟಿವಿ ಹಾಡಿದರೂ ಬಲಗೈ ತಾನಾಗಿ ಹಿಟ್ಟಿನ ಪಾತ್ರೆ ಹುಡುಕುತ್ತಿತ್ತು.

ಇದರಿಂದಾಗಿ ಕಾಶಮ್ಮನಿಗೆ ನೋಡದೆಯೂ ಸಿನಿಮಾದ ಯೋಗ್ಯತೆ ತಿಳಿಯುತ್ತಿತ್ತು. ಹಾಡಿಗೆ ಅರ್ಧ ಥಿಯೇಟರ್ ಎದ್ದು ಬಂತೋ, ಹಾಡು ಸಪ್ಪೆ. ನಾಲ್ಕೇ ಜನ ಬಂದರೋ, ಪರವಾಗಿಲ್ಲ. ಮಾತಿನ ನಡುವೆಯೂ ಜನ ಬರತೊಡಗಿದರೆ ಆ ಸಿನಿಮಾಕ್ಕೆ ಮೊದಲ ಶುಕ್ರವಾರವೇ ಕೊನೆಯ ಶುಕ್ರವಾರ. ಥಿಯೇಟರಿನ ಮಾಲೀಕ ಪ್ರಸನ್ನಕುಮಾರನಿಗೆ ಈ ಲೆಕ್ಕ ಇವತ್ತಿಗೂ ಹತ್ತಿಲ್ಲ. ಕ್ಯಾಂಟೀನ್ ಮುಂದೆ ಗುಂಪು ಕಂಡರೆ ಸಾಕು, “ಪಿಕ್ಚರ್ ಎದ್ದುಬಿಡ್ತು ಕಾಶಮ್ಮ!” ಎಂದು ಕುಣಿಯುತ್ತಾನೆ. ಏಳುತ್ತಿರುವುದು ಪಿಕ್ಚರಲ್ಲ, ಜನ ಎಂದು ಅವನಿಗೆ ಯಾರು ಹೇಳಬೇಕು?

ಈ ವಿದ್ಯೆಯ ಫಲ ಉಂಡವರು ವಿಶ್ವಾರಾಧ್ಯ ಮೇಷ್ಟ್ರು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಮನೆ ವಿದ್ಯಾನಗರದಲ್ಲಿ. ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ಪ್ರತಿ ಭಾನುವಾರ ‘ಪರದೆಯ ಮುಂದೆ’ ಎಂಬ ಹೆಸರಿನಲ್ಲಿ ಸಿನಿಮಾ ವಿಮರ್ಶೆ ಬರೆಯುತ್ತಾರೆ. ವಿದ್ಯಾನಗರದಿಂದ ಆಲ್ಕೊಳದವರೆಗೆ ಸಂಸಾರಸ್ಥರು ಅದನ್ನು ಓದದೆ ಸಿನಿಮಾಕ್ಕೆ ಹೊರಡುವುದಿಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯದವರು ಒಮ್ಮೆ ಕರೆಸಿ ‘ವಿಮರ್ಶಕನ ಕಣ್ಣು’ ಎಂಬ ವಿಷಯದ ಮೇಲೆ ಭಾಷಣವನ್ನೂ ಮಾಡಿಸಿದ್ದರು.

ಆ ಕಣ್ಣಿಗೊಂದು ದೋಷವಿತ್ತು. ಕತ್ತಲಲ್ಲಿ ಹತ್ತು ನಿಮಿಷ ಕೂತರೆ ಮುಚ್ಚಿಕೊಳ್ಳುತ್ತಿತ್ತು. ಶಿವಮೊಗ್ಗದ ಥಿಯೇಟರಿನಲ್ಲಿ ಒಮ್ಮೆ ಮೇಷ್ಟ್ರು ಹೊಡೆದ ಗೊರಕೆಗೆ ಮುಂದಿನ ಸಾಲಿನವರು ತಿರುಗಿ ನೋಡಿದರೆ, ಅವರಲ್ಲಿ ಮೂವರು ಹಳೆಯ ಶಿಷ್ಯರು. ಅಂದಿನಿಂದ ಮೇಷ್ಟ್ರು ಗುರುತಿನವರಿಲ್ಲದ ಜಾಗ ಬೇಕೆಂದು ಬಸ್ಸು ಹತ್ತಿ ಭದ್ರಾವತಿಗೆ ಬರತೊಡಗಿದರು. ಮೂರನೆಯ ವಾರ ನಿದ್ದೆ ಓಡಿಸಲು ಟೀ ಕುಡಿಯೋಣವೆಂದು ಕ್ಯಾಂಟೀನಿನ ಬೆಂಚಿನ ಮೇಲೆ ಕೂತರು. ಕೂತವರು ಹದಿನಾಲ್ಕು ವರ್ಷ ಏಳಲಿಲ್ಲ.

“ಹೆಂಗಿದೆ ಕಾಶಮ್ಮ ಸಿನಿಮಾ?” ಎಂದು ಅವರು ಕೇಳುವುದು, ಬೋಂಡಾ ತೇಲಿಸುತ್ತ ಇವಳು ಹೇಳುವುದು, ಅವರು ಬರೆದುಕೊಳ್ಳುವುದು. “ಮೂರನೇ ಹಾಡಿಗೆ ಗಾಂಧಿ ಕ್ಲಾಸ್ ಪೂರ್ತಿ ಇಲ್ಲೇ ಇತ್ತು ಮೇಷ್ಟ್ರೇ” ಎಂದು ಇವಳೆಂದರೆ, ಭಾನುವಾರ ‘ಮೂರನೆಯ ಗೀತೆ ಪ್ರೇಕ್ಷಕನ ಸಹನೆಯನ್ನು ಪರೀಕ್ಷಿಸುತ್ತದೆ’ ಎಂದು ಅಚ್ಚಾಗುತ್ತಿತ್ತು. “ಹೆಂಗಸ್ರು ಮೂಗು ಒರೆಸ್ಕೊಂಡು ಬಂದು ಟೀ ಕೇಳಿದ್ರು” ಎಂದದ್ದು ‘ಉತ್ತರಾರ್ಧದಲ್ಲಿ ಭಾವದ ಹೊನಲು ಹರಿದಿದೆ’ ಎಂದಾಗುತ್ತಿತ್ತು. ತನ್ನ ಮಾತು ಜರತಾರಿ ಉಟ್ಟುಕೊಂಡು ಪೇಪರಿನಲ್ಲಿ ಬಂದದ್ದನ್ನು ಓದಿ ಕಾಶಮ್ಮ ಒಬ್ಬಳೇ ನಗುತ್ತಿದ್ದಳು. ಪ್ರಸನ್ನಕುಮಾರ ಆ ವಿಮರ್ಶೆಗಳನ್ನು ಕತ್ತರಿಸಿ, ಕಟ್ಟು ಹಾಕಿಸಿ, ಥಿಯೇಟರಿನ ಗೋಡೆಗೆ ಸಾಲಾಗಿ ನೇತುಹಾಕುತ್ತಿದ್ದ. ಮೇಷ್ಟ್ರು ತನ್ನ ಥಿಯೇಟರಿನಲ್ಲೇ ನೋಡಿ ಬರೆಯುತ್ತಾರೆ ಎಂಬುದು ಅವನಿಗೆ ದೊಡ್ಡ ಹೆಮ್ಮೆ.

ಹೀಗಿರುವಾಗ ಬಂತು ಚಂದ್ರುವಿನ ಸಿನಿಮಾ.

ಚಂದ್ರು ಭದ್ರಾವತಿಯದೇ ಜನ್ನಾಪುರದವನು. ಮದುವೆಗಳಿಗೆ ಮೈಕ್‌ಸೆಟ್ ಹಾಕಿ, ಆರ್ಕೆಸ್ಟ್ರಾ ನಡೆಸುತ್ತಿದ್ದವನು. ನಾಲ್ಕು ವರ್ಷ ಒದ್ದಾಡಿ, ಊರಿನವರನ್ನೇ ಕಟ್ಟಿಕೊಂಡು ‘ಹಾಡಿ ಬೈದ ಬೀಗರು’ ಅಂತ ಒಂದು ಸಿನಿಮಾ ತೆಗೆದಿದ್ದ. ಕಥೆ ಇಷ್ಟೇ: ಮದುವೆಯ ಮರುದಿನವೇ ಜಗಳವಾಡಿದ ಬೀಗರು ಇನ್ನು ಪರಸ್ಪರ ಒಂದು ಮಾತೂ ಆಡುವುದಿಲ್ಲ ಎಂದು ದೇವರ ಮುಂದೆ ಆಣೆ ಇಡುತ್ತಾರೆ. ಆದರೆ ಬೈಯದೆ ಇರಲಾದೀತೆ? ಮಾತಾಡುವುದಿಲ್ಲ ಎಂದು ಆಣೆ, ಹಾಡುವುದಿಲ್ಲ ಎಂದಲ್ಲವಲ್ಲ! ಅಲ್ಲಿಂದ ಎರಡೂ ಕಡೆಯವರು ತಾಳ ಹಾಕಿಕೊಂಡು, ರಾಗವಾಗಿ ಬೈದಾಡುತ್ತಾರೆ. ಒಟ್ಟು ಹನ್ನೊಂದು ಹಾಡು. ಜಗಳ ಹತ್ತುವುದೂ ಹಾಡಿನಲ್ಲೇ, ಇಳಿಯುವುದೂ ಹಾಡಿನಲ್ಲೇ.

ಇದೊಂದೂ ಗೊತ್ತಿಲ್ಲದ ಕಾಶಮ್ಮ, ಶುಕ್ರವಾರ ಮ್ಯಾಟಿನಿಗೆ ಹನ್ನೊಂದು ಹಾಡಿದೆಯಂತೆ ಎಂದಷ್ಟೇ ಕೇಳಿ ಹಿಗ್ಗಿದಳು. ಹನ್ನೊಂದು ಹಾಡೆಂದರೆ ಹನ್ನೊಂದು ಸಲ ಬಾಗಿಲು. ಎರಡು ಪಟ್ಟು ಹಿಟ್ಟು ಕಲಸಿದಳು. ಮೊದಲ ಹಾಡು ಶುರುವಾಯಿತು, ಎಣ್ಣೆಗೆ ಬಿಟ್ಟಳು. ಪಲ್ಲವಿ ಮುಗಿಯಿತು, ಬಾಗಿಲು ತೆರೆಯಲಿಲ್ಲ. ಎರಡನೆಯ ಹಾಡಿಗೆ ಮತ್ತೊಂದು ಒಬ್ಬೆ. ಬಾಗಿಲು ಮಿಸುಕಲಿಲ್ಲ. ನಿಲ್ಲಿಸೋಣವೆಂದರೆ ಕೈ ಕೇಳಬೇಕಲ್ಲ? ಹಾಡು ಕೇಳಿದ ತಕ್ಷಣ ಅದು ತನ್ನ ಪಾಡಿಗೆ ಹಿಟ್ಟು ಬಿಡುತ್ತಲೇ ಇತ್ತು. ಇಂಟರ್‌ವಲ್ಲಿನಲ್ಲಿ ಹೊರಗೆ ಬಂದವರು ಕೂಡ ಎಲ್ಲಿ ಶುರುವಾಗಿಬಿಡುತ್ತದೋ ಎಂದು ಟೀ ಅರ್ಧ ಚೆಲ್ಲಿ ಓಡಿದರು. ಹನ್ನೊಂದನೆಯ ಹಾಡು ಮುಗಿದಾಗ ಕಾಶಮ್ಮನ ಮುಂದೆ ತಣ್ಣಗಾದ ಬೋಂಡಾದ ಗುಡ್ಡೆ, ಗುಡ್ಡೆಯ ಆಚೆ ಬೆಂಚಿನ ಮೇಲೆ ಮೇಷ್ಟ್ರು.

“ಹೆಂಗಿದೆ ಕಾಶಮ್ಮ?”

“ಏನ್ ಹೆಂಗಿದೆ? ಹನ್ನೊಂದಕ್ಕೂ ಎಣ್ಣೆ ಕಾಯಿಸ್ಕೊಂಡು ಕೂತೆ. ಒಂದು ನರಪಿಳ್ಳೆ ಎದ್ದು ಬರ್ಲಿಲ್ಲ. ಹಾಡು ಬಂದ್ರೂ ಹಸಿವಾಗ್ಬಾರ್ದಾ ಜನಕ್ಕೆ? ದರಿದ್ರ ಸಿನಿಮಾ.”

“ಹಂಗಾದ್ರೆ ಏನಂತ ಬರೀಲಿ?”

“ದಂಡ ಅಂತ ಬರೀರಿ. ಹಾಡೆಲ್ಲ ಕಿತ್ತು ಬಿಸಾಕ್ಬೇಕು ಅಂತ ಬರೀರಿ.”

ಯಾರೂ ಎದ್ದು ಬರಲಿಲ್ಲ ಎಂದರೆ ಏನರ್ಥವೆಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಕಾಶಮ್ಮ. ಗೊತ್ತಿದ್ದೂ ಹೇಳಿದಳು. ಹೊಟ್ಟೆಯುರಿ ಎಂದರೆ ಹೊಟ್ಟೆಯುರಿ, ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ. ಮೇಷ್ಟ್ರು ತಲೆಯಾಡಿಸಿ ಬರೆದುಕೊಂಡರು.

ಭಾನುವಾರದ ಪೇಪರಿನಲ್ಲಿ ಮೇಷ್ಟ್ರು ಹರಿತವಾಗಿದ್ದರು. ‘ಹನ್ನೊಂದು ಹಾಡುಗಳು ಕಥೆಯ ಓಟಕ್ಕೆ ಹನ್ನೊಂದು ಅಡ್ಡಗಾಲು. ಅವುಗಳನ್ನು ನಿರ್ದಯವಾಗಿ ಕತ್ತರಿಸಿದ್ದರೆ ಚಿತ್ರ ಚುರುಕಾಗುತ್ತಿತ್ತು’ ಎಂದು ಬರೆದಿದ್ದರು. ಸೋಮವಾರ ಶಿವಮೊಗ್ಗದ ಥಿಯೇಟರಿನಿಂದ ಸಿನಿಮಾ ತೆಗೆದುಹಾಕಿದರು. ಭದ್ರಾವತಿಯಲ್ಲಿ ಜನ ಬರುತ್ತಿದ್ದರೂ ಪ್ರಸನ್ನಕುಮಾರನಿಗೆ ತನ್ನ ಕಣ್ಣಿಗಿಂತ ಮೇಷ್ಟ್ರ ಕಣ್ಣಿನ ಮೇಲೆ ನಂಬಿಕೆ. ಸಾಲದ್ದಕ್ಕೆ ಕ್ಯಾಂಟೀನ್ ಮುಂದೆ ಗುಂಪು ಬೇರೆ ಇಲ್ಲ. “ಗುರುವಾರ ಮಧ್ಯಾಹ್ನದೊಳಗೆ ಹೇಳ್ತೀನಿ ಚಂದ್ರು. ಬಹುಶಃ ಅವತ್ತಿಗೆ ಮುಗಿಸ್ಬಿಡೋಣ” ಎಂದ.

ಚಂದ್ರು ಬಂದು, ಮೇಷ್ಟ್ರು ಕೂರುತ್ತಿದ್ದ ಅದೇ ಬೆಂಚಿನ ಮೇಲೆ ಕೂತ. ಕೈಯಲ್ಲಿ ಪೇಪರಿತ್ತು.

“ಅಕ್ಕಾ, ಹಾಡು ಕತ್ತರಿಸ್ಬೇಕಂತೆ. ನನ್ ಸಿನಿಮಾದಲ್ಲಿ ಹಾಡು ಕತ್ತರಿಸಿದ್ರೆ ಉಳಿಯೋದು ಹೆಸರು ಹಾಕೋದು ಒಂದೇ. ಅಲ್ಲಾ, ಮೇಷ್ಟ್ರು ಇಲ್ಲೇ ನೋಡಿದ್ರಂತಲ್ಲ, ನೋಡ್ವಾಗ ಮುಖ ಹೆಂಗಿತ್ತು?”

“ಬೋಂಡಾ ತಿಂತಿದ್ರು” ಎಂದಳು ಕಾಶಮ್ಮ. ಅಷ್ಟಾದರೂ ಸತ್ಯ ಹೇಳಿದೆನಲ್ಲ ಎಂದುಕೊಂಡಳು.

“ಇದು ನಿಲ್ಲಲಿಲ್ಲ ಅಂದ್ರೆ ಇನ್ನೊಂದು ಮಾಡೋ ಶಕ್ತಿ ನಂಗಿಲ್ಲಕ್ಕ. ಇನ್ನೊಂದು ವಾರ, ಒಂದೇ ಒಂದು ವಾರ ಓಡಿದ್ರೆ ಬಾಯಿಂದ ಬಾಯಿಗೆ ಹೋಗ್ತಿತ್ತು.”

ಅವನು ಎದ್ದು ಹೋದ ಮೇಲೆ ಕಾಶಮ್ಮನಿಗೆ ಬಾಣಲೆಯ ಕಡೆ ನೋಡಲಾಗಲಿಲ್ಲ. ನಾಲ್ಕು ಬೋಂಡಾ ಆರಿದ ಸಿಟ್ಟಿಗೆ ನಾಲ್ಕು ವರ್ಷದ ಕೆಲಸಕ್ಕೆ ಕಲ್ಲು ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಅಳು ಬರಲಿಲ್ಲ, ಅವಳು ಅಳುವ ಪೈಕಿಯಲ್ಲ. ಮಂಗಳವಾರ ಬೆಳಿಗ್ಗೆ ಒಂದು ಡಬ್ಬಿ ಬೋಂಡಾ ಕಟ್ಟಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದಳು.

ವಿದ್ಯಾನಗರದ ಮನೆಯಲ್ಲಿ ಮೇಷ್ಟ್ರ ಹೆಂಡತಿ ಜಗದಾಂಬಾ ಬಾಗಿಲು ತೆಗೆದರು. ಗಂಡ ಹೊಗಳುವ ಕ್ಯಾಂಟೀನ್ ಕಾಶಮ್ಮ ಇವರೇ ಎಂದು ತಿಳಿದು ಖುಷಿಯಾಗಿ ಕೂರಿಸಿ ಕಾಫಿ ಕೊಟ್ಟರು. “ವಾರವಾರ ಸಿನಿಮಾ ನೋಡಿ ನೋಡಿ ಇವರ ಕಣ್ಣು ಕೆಂಪಗಾಗ್ಬಿಡುತ್ತೆ ಕಾಶಮ್ಮ. ಭದ್ರಾವತಿಯಿಂದ ಬಂದ ದಿನ ನಾನೇ ಡ್ರಾಪ್ಸ್ ಹಾಕ್ತೀನಿ. ಪಾಪ, ಏನು ಶ್ರದ್ಧೆ!” ಎಂದರು.

ಒಳಗಿನಿಂದ ಬಂದ ಮೇಷ್ಟ್ರು ಕಾಶಮ್ಮನನ್ನು ನಡುಮನೆಯಲ್ಲಿ ಕಂಡು ಬಾಗಿಲಲ್ಲೇ ನಿಂತರು. ಕಾಶಮ್ಮ ನಗುನಗುತ್ತ ಹೇಳಿದಳು, “ಅಮ್ಮಾವ್ರಿಗೆ ಮೇಷ್ಟ್ರ ಶ್ರದ್ಧೆ ಬಗ್ಗೆ ನಾನೂ ನಾಲ್ಕು ಮಾತು ಹೇಳೋಣ ಅಂತ ಬಂದೆ. ಎಣ್ಣೆ ಹೊಗೆಗೆ ಕಣ್ಣು...”

“ಕಾಶಮ್ಮ, ಡಬ್ಬಿಲಿ ಏನು ತಂದ್ರಿ?” ಎಂದು ಮೇಷ್ಟ್ರು ಗಾಬರಿಯಲ್ಲಿ ಅಡ್ಡ ಬಂದರು. ಜಗದಾಂಬಾ ಡಬ್ಬಿ ಒಳಗೊಯ್ದ ಮೇಲೆ ದನಿ ತಗ್ಗಿಸಿ, “ಏನು ಮಾರಾಯ್ತಿ ನಿಂದು? ಏನ್ ಆಗ್ಬೇಕು ಹೇಳು” ಎಂದರು.

“ನಾಳೆ ಮ್ಯಾಟಿನಿಗೆ ಬರ್ಬೇಕು. ಅದೇ ಸಿನಿಮಾಕ್ಕೆ.”

“ಅಷ್ಟೇನಾ? ಬರ್ತೀನಿ ಬಿಡು” ಎಂದರು ಮೇಷ್ಟ್ರು. ಬೆಂಚಿಗೆ ಕರೆಯುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು.

ಬುಧವಾರ ಮಧ್ಯಾಹ್ನ ಮೇಷ್ಟ್ರು ಬಂದು ನೋಡಿದರೆ ಕ್ಯಾಂಟೀನಿಗೆ ಬೀಗ. ಅತ್ತೆ ತೀರಿಕೊಂಡ ದಿನ ಬಿಟ್ಟರೆ ಆಟವಿದ್ದಾಗ ಆ ಬಾಗಿಲಿಗೆ ಬೀಗ ಬಿದ್ದದ್ದಿಲ್ಲ. ಬೀಗದ ಮುಂದೆ ಕಾಶಮ್ಮ ಹೊಸ ಸೀರೆಯುಟ್ಟು, ಸೆರಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಮುಚ್ಚಿಕೊಂಡು ನಿಂತಿದ್ದಳು.

“ಬೆಂಚೆಲ್ಲಿ?”

“ಒಳಗಿದೆ, ಬೀಗದೊಳಗೆ. ಹಾಲಲ್ಲಿ ಕುರ್ಚಿ ಬೇಕಾದಷ್ಟಿವೆ, ನಡೀರಿ.”

“ನಂಗೆ ನಿದ್ದೆ ಬರುತ್ತೆ ಕಾಶಮ್ಮ.”

“ಪಕ್ಕದಲ್ಲಿ ನಾನಿರ್ತೀನಲ್ಲ” ಎಂದು ಅವಳು ಮೊಣಕೈ ತೋರಿಸಿದಳು. ಹಿಟ್ಟು ಕಲಸಿ ಕಲಸಿ ಗಟ್ಟಿಯಾದ ಮೊಣಕೈ. ಮೇಷ್ಟ್ರು ಒಳಗೆ ನಡೆದರು.

ಮೂವತ್ತೊಂದು ವರ್ಷ ಗೋಡೆಯ ಆಚೆ ಇದ್ದವಳು ಅಂದು ಈಚೆ ಬಂದು ಕೂತಳು. ದೀಪ ಆರಿತು. ಮೊದಲ ಹಾಡಿನ ಡೋಲು ಕೇಳಿದ್ದೇ ತಡ ಕಾಶಮ್ಮನ ಬಲಗೈ ಎದ್ದು, ಗಾಳಿಯಲ್ಲಿ ಹಿಟ್ಟು ಹುಡುಕಿ, ನಾಚಿಕೊಂಡು ಮಡಿಲಿಗೆ ಇಳಿಯಿತು. ಪರದೆಯ ಮೇಲೆ ನೋಡುತ್ತಾಳೆ, ಚೌಡಮ್ಮ! ಮಾರ್ಕೆಟ್ಟಿನಲ್ಲಿ ಇವಳಿಗೆ ದಿನಾ ಕೊತ್ತಂಬರಿ ಕೊಡುವ ಚೌಡಮ್ಮ ಗೋಡೆಯಷ್ಟು ದೊಡ್ಡದಾಗಿ, ಸೊಂಟಕ್ಕೆ ಕೈಯಿಟ್ಟು, ಬೀಗಿತ್ತಿಯ ಒಬ್ಬಟ್ಟಿನಲ್ಲಿ ಹೂರಣವೇ ಇರಲಿಲ್ಲವೆಂದು ರಾಗವಾಗಿ ಬೈಯುತ್ತಿದ್ದಾಳೆ. ಬೀಗಿತ್ತಿಯೂ ಬಿಡಲಿಲ್ಲ, ನಿಮ್ಮವರಿಗೆ ಹಲ್ಲಿದ್ದರಲ್ಲವೆ ಹೂರಣ ಸಿಗುವುದು ಎಂದು ಅದೇ ರಾಗದಲ್ಲಿ ತಿರುಗಿಸಿದಳು. ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನ ಒಬ್ಬ ತಮಿಳು ಅಜ್ಜಿ ನಗುತ್ತ ನಗುತ್ತ ಕೆಮ್ಮಿ, ಕೆಮ್ಮು ನಿಲ್ಲಿಸಿ ಮತ್ತೆ ನಕ್ಕಳು. ಇಷ್ಟು ವರ್ಷ ಈ ನಗುವನ್ನು ಗೋಡೆಯ ಆಚೆಯಿಂದ ಕೇಳಿದ್ದ ಕಾಶಮ್ಮನಿಗೆ ಅದರ ನಡುವೆ ಕೂತಾಗ ಹೀಗಿರುತ್ತದೆ ಎಂದು ಗೊತ್ತಿರಲಿಲ್ಲ. ಅವಳೂ ಜೋರಾಗಿ ನಕ್ಕಳು.

ಆಗ ಮೇಷ್ಟ್ರ ನೆನಪಾಗಿ ಮೊಣಕೈ ಎತ್ತಿದಳು. ಅಗತ್ಯವೇ ಇರಲಿಲ್ಲ. ಮೇಷ್ಟ್ರು ಕುರ್ಚಿಯ ತುದಿಗೆ ಬಂದು, ಕನ್ನಡಕ ಮೂಗಿನ ಮೇಲೆ ಜಾರಿಸಿಕೊಂಡು, ಬಾಯಿ ಬಿಟ್ಟು ನೋಡುತ್ತಿದ್ದರು. ನಾಲ್ಕನೆಯ ಹಾಡಿಗೆ ಮುಂದಿನ ಕುರ್ಚಿಯ ಬೆನ್ನಿಗೆ ತಾಳ ಹಾಕತೊಡಗಿದರು. ಇಂಟರ್‌ವಲ್ಲಿನಲ್ಲಿ ಜನ ಕ್ಯಾಂಟೀನ್ ಬೀಗ ನೋಡಿ ಗೊಣಗುತ್ತಿದ್ದರೆ, ಕಾಶಮ್ಮ ಬೆಳಿಗ್ಗೆಯೇ ಕರಿದು ತಂದ ಡಬ್ಬಿ ತೆಗೆದು ಮೇಷ್ಟ್ರಿಗೆ ಎರಡು ಬೋಂಡಾ ಕೊಟ್ಟಳು. ಅವರು ಖಾಲಿ ಪರದೆಯನ್ನೇ ನೋಡುತ್ತ ತಿಂದರು.

ಕೊನೆಯ ಹಾಡಿನಲ್ಲಿ ಎರಡೂ ಕಡೆಯ ಅಜ್ಜಿಯರು ಬೈಯಲು ಬೈಗುಳ ಮುಗಿದುಹೋಗಿ, ಒಬ್ಬರಿಂದೊಬ್ಬರು ಸಾಲ ತೆಗೆದುಕೊಂಡು ಬೈದು ರಾಜಿಯಾದರು. ದೀಪ ಹತ್ತಿತು. ಮೇಷ್ಟ್ರು ಏಳಲಿಲ್ಲ.

“ಕಾಶಮ್ಮ, ಇದಕ್ಕಾ ನಾನು ಹಂಗೆ ಬರೆದಿದ್ದು?”

“ನಾನು ಬರೆಸಿದ್ದು. ಬೋಂಡಾ ಹೋಗ್ಲಿಲ್ಲ ಅಂತ ಸಿಟ್ಟಿತ್ತು ಮೇಷ್ಟ್ರೇ. ಸುಳ್ಳು ಹೇಳ್ದೆ. ತಪ್ಪಾಯ್ತು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ನೀನು ಹೇಳಿದ್ದು ಒಂದ್ಸಲದ ಸುಳ್ಳು. ನಂದು ಹದಿನಾಲ್ಕು ವರ್ಷದ್ದು” ಎಂದರು. ಆಮೇಲೆ ಹಳೆಯ ಅಭ್ಯಾಸದಂತೆ ಜೇಬಿನಿಂದ ಪುಸ್ತಕ, ಪೆನ್ನು ತೆಗೆದು, “ಈಗ ಏನಂತ ಬರೀಲಿ?” ಎಂದು ಅವಳ ಮುಖ ನೋಡಿದರು.

“ನನ್ನೇನ್ ಕೇಳ್ತೀರಿ? ಕಣ್ಣು ನಿಮ್ದು, ನಾಲಿಗೆ ನಿಮ್ದು. ನೋಡಿದ್ದು ನೋಡಿದಂಗೆ ಬರೀರಿ. ಯಾರ ಮುಲಾಜೂ ಇಟ್ಕೋಬೇಡಿ.”

ಈ ಮಾತು ಹೇಳುವಾಗ ಕಾಶಮ್ಮನಿಗೆ ತಾನು ಬಹಳ ದೊಡ್ಡ ಮಾತು ಹೇಳಿದೆ ಎನ್ನಿಸಿತ್ತು.

ಭಾನುವಾರದವರೆಗೆ ಕಾಯಲಾಗದೆಂದು ಮೇಷ್ಟ್ರು ಸಂಪಾದಕರ ಬೆನ್ನು ಹತ್ತಿ ಗುರುವಾರದ ಪೇಪರಿನಲ್ಲೇ ಹಾಕಿಸಿದರು. ‘ಕಳೆದ ಭಾನುವಾರ ಈ ಚಿತ್ರದ ಬಗ್ಗೆ ಕೇಳಿ ಬರೆದಿದ್ದೆ. ಈಗ ನೋಡಿ ಬರೆಯುತ್ತಿದ್ದೇನೆ. ಓದುಗರು ಮೊದಲಿನದನ್ನು ಹರಿದು ಹಾಕಬೇಕು’ ಎಂದು ಶುರುವಾಗಿತ್ತು. ಹನ್ನೊಂದು ಹಾಡುಗಳಲ್ಲಿ ಒಂದನ್ನೂ ಕತ್ತರಿಸಬಾರದೆಂದೂ, ಹನ್ನೆರಡನೆಯದಿದ್ದರೆ ಅದನ್ನೂ ಕೇಳಲು ತಾವು ತಯಾರೆಂದೂ ಬರೆದಿದ್ದರು. ಹತ್ತು ಗಂಟೆಗೆ ಪ್ರಸನ್ನಕುಮಾರ ಚಂದ್ರುವಿಗೆ ಫೋನ್ ಮಾಡಿ, “ಇನ್ನೊಂದು ವಾರ ಏನ್ರೀ, ಎರಡು ವಾರ ಇಡೋಣ!” ಎಂದ. ಚಂದ್ರು ಪೇಪರ್ ಹಿಡಿದುಕೊಂಡು ಓಡಿಬಂದು ಕಾಶಮ್ಮನ ಕಾಲಿಗೆ ಬಿದ್ದ. ಮೇಷ್ಟ್ರಿಗೆ ಇನ್ನೊಂದು ಸಲ ತೋರಿಸಿದವಳು ಇವಳೆಂದಷ್ಟೇ ಅವನಿಗೆ ಗೊತ್ತಿದ್ದದ್ದು. ಕಾಶಮ್ಮ ಪಟ್ಟನೆ ಕಾಲು ಹಿಂದೆಳೆದುಕೊಂಡಳು. ಅವತ್ತಲ್ಲದಿದ್ದರೂ ಥಿಯೇಟರಿನಿಂದ ಸಿನಿಮಾ ಎತ್ತುವ ದಿನದೊಳಗೆ ಅವನಿಗೆ ಎಲ್ಲ ಹೇಳಿಬಿಡಬೇಕೆಂದು ನಿಶ್ಚಯಿಸಿದಳು.

“ಕೊನೇ ಸಾಲು ಓದಿದ್ರಾ ಅಕ್ಕಾ?” ಎಂದ ಚಂದ್ರು. ಅವನ ತುಟಿಯಲ್ಲಿ ನಗು ನಿಲ್ಲುತ್ತಿರಲಿಲ್ಲ.

ಕಾಶಮ್ಮ ಪೇಪರ್ ಇಸಿದುಕೊಂಡು ಬೆರಳಿಟ್ಟು ಓದಿದಳು. ‘ಈ ಪ್ರದರ್ಶನದಲ್ಲಿ ಕೊರತೆಯೆಂದು ಕಂಡದ್ದು ಒಂದೇ. ಮಧ್ಯಂತರದಲ್ಲಿ ದೊರೆತ ಬೋಂಡಾ ಆರಿಹೋಗಿತ್ತು. ಉಪ್ಪೂ ಹೆಚ್ಚು. ಉಪ್ಪು ಬಹಳ ವರ್ಷಗಳಿಂದಲೂ ಹೆಚ್ಚು. ಕ್ಯಾಂಟೀನಿನವರು ಗಮನಿಸಬೇಕು.’

“ಉಪ್ಪು ಹೆಚ್ಚಂತೆ! ಹದಿನಾಲ್ಕು ವರ್ಷ ಬಾಯಿ ಚಪ್ಪರಿಸ್ಕೊಂಡು ತಿಂದೋರು! ನಮ್ಮತ್ತೆ ಕಾಲದಿಂದ ಇದೇ ಉಪ್ಪು!” ಕಾಶಮ್ಮನ ಕೂಗಿಗೆ ಟಿಕೆಟ್ ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಫೋನ್ ಮಾಡಿ ಜಗದಾಂಬಾ ಅವರಿಗೆ ಎಲ್ಲ ಹೇಳಿಬಿಡುತ್ತೇನೆಂದಳು. ಇನ್ನೊಮ್ಮೆ ಬೆಂಚಿನ ಹತ್ತಿರ ಬರಲಿ, ಕಾಲು ಮುರಿಯುತ್ತೇನೆಂದಳು. ಎಲ್ಲ ಕೂಗಿಯಾದ ಮೇಲೆ, ಯಾರೂ ನೋಡದಾಗ ಆಗಷ್ಟೇ ಕರಿದಿದ್ದ ಒಂದು ಬೋಂಡಾ ಮುರಿದು ಬಾಯಿಗೆ ಹಾಕಿಕೊಂಡಳು. ತಾನು ಮಾಡಿದ್ದನ್ನು ತಾನು ತಿಂದು ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿರಲಿಲ್ಲ. ನಿಧಾನವಾಗಿ ಅಗಿದಳು.

ಉಪ್ಪು ಹೆಚ್ಚೇ ಇತ್ತು.

ಪ್ರಸನ್ನಕುಮಾರ ಆ ವಿಮರ್ಶೆಗೂ ಎಂದಿನಂತೆ ಕಟ್ಟು ಹಾಕಿಸಿದ. ಥಿಯೇಟರಿನ ಗೋಡೆಯಲ್ಲಿ ಜಾಗ ಉಳಿದಿರಲಿಲ್ಲವಾದ್ದರಿಂದ ತಂದು ಕ್ಯಾಂಟೀನಿನಲ್ಲಿ, ಸರಿಯಾಗಿ ಬಾಣಲೆಯ ಎದುರಿಗೆ ಮೊಳೆ ಹೊಡೆದ. ಗೋಡೆಯ ಆಚೆ ಮೊದಲ ಹಾಡು ಶುರುವಾದಾಗ ಕಾಶಮ್ಮ ಒಲೆ ಸಣ್ಣಗೆ ಮಾಡಿ, ಹಿಟ್ಟಿಗೆ ಹಾಕಲೆಂದು ತೆಗೆದ ಉಪ್ಪಿನಿಂದ ಒಂದು ಚಿಟಿಕೆಯನ್ನು ಡಬ್ಬಿಗೆ ವಾಪಸು ಹಾಕಿದಳು.